ಅಣ್ಣನ ಮೈಕು, ನನ್ನ ಕೊನೆಯ ಓವರು

“ನಾಲ್ಗೆ ಕಚ್ಚುದ್ನಾ? ಕಚ್ಚುದ! ಅಂಗಾರೆ ಇದು ಸ್ಲೋ ಬಾಲು ಕಣ್ರಪ್ಪೋ!”

ಮೈಕಿನಲ್ಲಿ ಹೀಗೆ ಕೂಗಿದವನು ನಮ್ಮ ಕಾಮೆಂಟರಿ ಅಣ್ಣ. ನಾಲಿಗೆ ಕಚ್ಚಿದವನು ನಾನು, ಬೌಲರ್. ಅರ್ಧ ದಾರಿ ಓಡಿ ಬಂದಾಗಿತ್ತು, ನಿಲ್ಲಲು ಆಗಲಿಲ್ಲ. ಸ್ಲೋ ಬಾಲನ್ನೇ ಹಾಕಿದೆ. ಚಂದಕವಾಡಿಯ ಬ್ಯಾಟ್ಸ್‌ಮನ್ ಬಸ್ಸಿಗೆ ಕಾಯುವವನ ಹಾಗೆ ಕಾದು ನಿಂತು ಬಾರಿಸಿದ. ಚೆಂಡು ರಸ್ತೆ ದಾಟಿ ಸೂರ್ಯಕಾಂತಿ ಹೊಲಕ್ಕೆ ಬಿತ್ತು. ಸಿಕ್ಸ್.

ತೆರಕಣಾಂಬಿ ಬಯಲಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್ ಅದು. ನಾವು ಗುಂಡ್ಲುಪೇಟೆ, ಅವರು ಚಂದಕವಾಡಿ. ಕೊನೆಯ ಓವರ್. ಅವರಿಗೆ ಹನ್ನೆರಡು ಬೇಕಿತ್ತು, ಮೊದಲ ಏಟಿಗೇ ಆರು ಹೋಯಿತು. ಬಹುಮಾನ ಒಂದು ಕಪ್ಪು, ಒಂದು ಟಗರು. ಟಗರನ್ನು ಪೆಂಡಾಲಿನ ಕಂಬಕ್ಕೆ ಕಟ್ಟಿದ್ದರು. ನನಗೆ ಟಗರಿನ ಚಿಂತೆ ಇರಲಿಲ್ಲ. ಕ್ಯಾಪ್ಟನ್ ನನ್ನ ಕೈಗೆ ಚೆಂಡು ಕೊಡುವಾಗ ಹೇಳಿದ್ದ: “ಓದ್ಸಲ ಸಂತೆಮರಳ್ಳೀಲಿ ಕೊನೆ ಓವರಲ್ಲಿ ಮಾನ ಕಳ್ದೆ. ಇವತ್ತೂ ಕಳುದ್ರೆ ಮುಂದ್ಕೆ ಬಾಲ್ ಮುಟ್ಬೇಡ. ಸ್ಕೋರ್ ಬೋರ್ಡ್ ತಿರುವ್ಕಂಡು ಕೂತ್ಕೊ.”

ನನಗೆ ಬರುವುದು ಎರಡೇ ಕೆಲಸ. ಟೊಮೆಟೊ ಗಾಡಿ ಓಡಿಸುವುದು, ಕೊನೆಯ ಓವರ್ ಹಾಕುವುದು. ಅದರಲ್ಲಿ ಒಂದು ಕೈಬಿಟ್ಟು ಹೋಗುವುದರಲ್ಲಿತ್ತು. ಪಿಚ್ ಮೇಲೆ ನಿಂತೇ ಪೆಂಡಾಲಿನ ಕಡೆ ಕೂಗಿದೆ.

“ಅಣ್ಣೋ, ನೀನು ಯಾವ ಟೀಮ್ ಕಣಣ್ಣ?”

ಅಣ್ಣ ಮೈಕಿನಲ್ಲೇ ಉತ್ತರ ಕೊಟ್ಟ. “ಬೌಲರ್ ನನ್ನ ಏನೋ ಕೇಳ್ತಾವ್ನೆ. ನಾನು ಯಾವ ಟೀಮೂ ಅಲ್ಲ ಕಣಪ್ಪ. ನಾನು ಕ್ರಿಕೆಟ್ಟಿನ ಕಡೆಯವ್ನು.”

ಜನ ಚಪ್ಪಾಳೆ ಹೊಡೆದರು.

ಇವನ ವಿಷಯ ಹೇಳಿಬಿಡುತ್ತೇನೆ. ಮೊಣಕಾಲು ಹೋಗುವ ಮುಂಚೆ ಇವನು ನಮ್ಮ ಟೀಮಿನ ಓಪನಿಂಗ್ ಬ್ಯಾಟ್ಸ್‌ಮನ್, ಓಪನಿಂಗ್ ಬೌಲರ್, ಎರಡೂ. ವಿಕೆಟ್ ಕೀಪರೂ ಆಗುತ್ತಿದ್ದ, ಚೆಂಡು ಹಾಕಿ ಆ ಕಡೆಗೆ ಓಡಲು ಸಮಯ ಸಾಲದು ಅಂತ ಬಿಟ್ಟ. ಗಿಣಿಹಸಿರು ಪ್ಯಾಂಟು, ಕುತ್ತಿಗೆಗೆ ಕೆಂಪು ಟವೆಲ್ಲು, ಕಪ್ಪು ಕನ್ನಡಕ. ಔಟ್ ಕೊಟ್ಟರೆ ಕನ್ನಡಕ ತೆಗೆದು, ಒರೆಸಿ, ಅಂಪೈರಿನ ಕೈಗೆ ಕೊಡುತ್ತಿದ್ದ. “ಆಕ್ಕಂಡು ಇನ್ನೊಂದ್ಸಲ ಯೋಚ್ನೆ ಮಾಡಿ ಸಾ.” ತಾಳವಾಡಿಯಿಂದ ಸುಲ್ತಾನ್ ಬತ್ತೇರಿವರೆಗೂ ಇವನನ್ನು ಆಡಲು ಕರೆಯುತ್ತಿದ್ದರು. ಆಡಿದ್ದಕ್ಕಿಂತ ಜಗಳವಾಡಿದ್ದೇ ಜಾಸ್ತಿ. ತಾಳವಾಡಿಯಲ್ಲಿ ತಮಿಳಿನಲ್ಲಿ ಬೈದ, ಬತ್ತೇರಿಯಲ್ಲಿ ಮಲಯಾಳದಲ್ಲಿ ಬೈದ. ಬೈಗುಳ ಬಿಟ್ಟರೆ ಆ ಎರಡು ಭಾಷೆಯಲ್ಲಿ ಇವನಿಗೆ ನೀರು ಕೇಳಲೂ ಬರುವುದಿಲ್ಲ.

ಚಾಮರಾಜನಗರದ ಒಂದು ಮ್ಯಾಚಿನಲ್ಲಿ ಬೇಡದ ಮೂರನೇ ರನ್ನಿಗೆ ಓಡಿ, ಟಿವಿಯಲ್ಲಿ ಜಾರುತ್ತಾರಲ್ಲ, ಹಾಗೆ ಜಾರಿದ. ಟಿವಿಯಲ್ಲಿ ಹುಲ್ಲಿರುತ್ತದೆ. ಅಲ್ಲಿದ್ದದ್ದು ಜಲ್ಲಿ. ಮೊಣಕಾಲು ಹೋಯಿತು. ಮುಂದಿನ ಟೂರ್ನಮೆಂಟಿಗೆ ಕುಂಟುತ್ತಾ ನೋಡಲು ಬಂದ. ಮೈಕಿನವನು ಟೀ ಕುಡಿಯಲು ಎದ್ದಾಗ “ತತ್ತಾ, ಒಸಿ ಇಡ್ಕಂಡಿರ್ತೀನಿ” ಅಂದ. ಇನ್ನೂ ವಾಪಸ್ ಕೊಟ್ಟಿಲ್ಲ.

ಈಗ ಜನ ಮ್ಯಾಚ್ ನೋಡಲು ಬರುವುದಿಲ್ಲ, ಇವನನ್ನು ಕೇಳಲು ಬರುತ್ತಾರೆ. ಯಾರಾದರೂ ಸಿಕ್ಸ್ ಹೊಡೆದರೆ, “ಒಳ್ಳೆ ಏಟು. ಆದ್ರೆ ನಾನು ಒಡ್ದಿದ್ರೆ ಇಷ್ಟೊತ್ಗೆ ಬೇಗೂರು ದಾಟೋದು” ಅನ್ನುತ್ತಾನೆ. ನಡುವೆ, “ನೀರಿನ ಟ್ಯಾಂಕರ್‌ಗೆ ಅಡ್ಡ ಬೈಕ್ ನಿಲ್ಸಿರೋ ಪುಣ್ಯಾತ್ಮ, ನೀನು ಬೈಕ್ ತಗುದ್ರೆ ನಾವು ನೀರು ಕುಡೀತೀವಿ” ಅನ್ನುತ್ತಾನೆ.

ನನ್ನ ಕಷ್ಟ ಬೇರೆ. ನನಗೆ ಬೌಲಿಂಗ್ ಕಲಿಸಿದ್ದು ಇವನೇ. ಕೈ ಹೇಗೆ ತಿರುಗಿಸುತ್ತೇನೆ, ನಾಲಿಗೆ ಯಾವಾಗ ಕಚ್ಚುತ್ತೇನೆ, ಎಲ್ಲ ಗೊತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಮಾತ್ರ ಗೊತ್ತಿಲ್ಲ. ಮೈಕಿನ ಹಾರ್ನ್‌ಗಳನ್ನು ಬಯಲಿನ ಸುತ್ತ ಮರಗಳಿಗೆ ಕಟ್ಟಿ ಒಳಮುಖವಾಗಿ ತಿರುಗಿಸಿರುತ್ತಾರೆ. ನಾನು ಏನು ಹಾಕುತ್ತೇನೆ ಅನ್ನುವುದು ಬ್ಯಾಟ್ಸ್‌ಮನ್‌ಗೆ ನನಗಿಂತ ಮುಂಚೆ ಕೇಳಿಸುತ್ತದೆ.

ಕ್ಯಾಪ್ಟನ್ ಪೆಂಡಾಲಿಗೆ ಹೋದ. ಅಣ್ಣ ಮೈಕ್ ಆರಿಸಲಿಲ್ಲ. ಇಡೀ ಬಯಲಿಗೆ ಪಂಚಾಯ್ತಿ ಕೇಳಿಸಿತು.

“ಅಣ್ಣ, ಈ ಓವರ್ ಮುಗಿಯೋಗಂಟ ಬಾಯ್ ಮುಚ್ಕಂಡಿರು.”

“ಬಾಯ್ ಮುಚ್ಚಾಕೆ ನನ್ನ ಯಾಕ್ಲಾ ಕರ್ಸುದ್ರಿ?”

“ನಾವ್ ಎಲ್ಲಿ ಕರ್ಸುದ್ವು? ನೀನೇ ಬಂದೆ.”

“ಅದೂ ಸರಿಯೇ.”

“ಬೌಲಿಂಗ್ ಸುದ್ದಿ ಎತ್ಬೇಡ. ಬ್ಯಾರೆ ಏನಾರ ಯೋಳ್ಕೊ.”

“ಏನ್ ಬೇಕಾರೂ?”

“ಏನ್ ಬೇಕಾರೂ. ಓಗು.”

“ಓಗಾಕೆ ನಾನು ಕೂತಿವ್ನಿ. ನೀನು ಓಗು.”

ನಾನು ಎರಡನೇ ಬಾಲಿಗೆ ಓಡಿದೆ. ಹಾರ್ನಿನಲ್ಲಿ ಶುರುವಾಯಿತು: “ನನ್ನ ಎಡಗಡೆ ಬಜ್ಜಿ ಅಂಗಡಿ. ಎಣ್ಣೆ ಕಾದದೆ. ಅಕ್ಕ ಮೆಣಸಿನಕಾಯಿ ಇಡ್ದವ್ಳೆ, ಕಡ್ಲೆ ಇಟ್ಟಲ್ಲಿ ಅದ್ದುದ್ಲು, ಬುಟ್ಲು! ಅಬ್ಬಬ್ಬಬ್ಬ, ಏನ್ ಟೈಮಿಂಗು!” ಬ್ಯಾಟ್ಸ್‌ಮನ್ ಸುಳಿವು ಬರುತ್ತದೆ ಅಂತ ಕಿವಿ ಕೊಟ್ಟು ನಿಂತಿದ್ದ. ಬಂದದ್ದು ಬಜ್ಜಿ. ಯಾರ್ಕರ್ ಅವನ ಬ್ಯಾಟಿನ ಅಡಿಯಲ್ಲಿ ನುಸುಳಿ ಕೀಪರ್ ಕೈಗೆ ಹೋಯಿತು.

ಮೂರನೆಯದಕ್ಕೆ ಎರಡು ರನ್ ಓಡಿದರು. ನಾಲ್ಕನೆಯದಕ್ಕೆ ಅಣ್ಣನ ಮಾತು ರಸ್ತೆಗೆ ಹೋಯಿತು. “ಕೇರಳದ ಕಾರು ನಿಂತದೆ. ಸೂರ್ಯಕಾಂತಿ ಒಲ್ದಲ್ಲಿ ಫೋಟೋ ತಗೀತಾವ್ರೆ. ಚೇಟ್ಟಾ, ಅಲ್ಲೊಂದು ಬಾಲ್ ಬಿದ್ದದೆ, ಫೋಟೋ ಆದ್ಮೇಲೆ ಎಸುದ್ಬುಡಿ!” ಬ್ಯಾಟ್ಸ್‌ಮನ್ ನಕ್ಕುಬಿಟ್ಟ. ರನ್ನಿಲ್ಲ. ಐದನೆಯದಕ್ಕೆ ಮತ್ತೆ ಎರಡು.

ಒಂದು ಬಾಲ್ ಉಳಿಯಿತು, ಅವರಿಗೆ ಎರಡು ರನ್ ಬೇಕು. ಅಣ್ಣ ಟಗರಿಗೆ ಬಂದಿದ್ದ. “ಟಗರು ಎದ್ದು ನಿಂತದೆ. ಅದ್ಕೂ ಯಾವೂರಿಗೆ ಓಗ್ತೀನೋ ಅಂತ ಟೆನ್ಶನ್ನು.” ನಾನು ನಾಲಿಗೆ ಕಚ್ಚಿ ಸ್ಲೋ ಬಾಲ್ ಹಾಕಿದೆ. ಅಣ್ಣ ನೋಡಿಯೂ ಹೇಳಲಿಲ್ಲ. ಬ್ಯಾಟ್ಸ್‌ಮನ್ ಮೊದಲೇ ಬೀಸಿಬಿಟ್ಟ. ಚೆಂಡು ನೆಟ್ಟಗೆ ಆಕಾಶಕ್ಕೆ ಎದ್ದಿತು. ಒಂದು ಕಡೆಯಿಂದ ಕ್ಯಾಪ್ಟನ್ ಓಡಿ ಬಂದ, ಇನ್ನೊಂದು ಕಡೆಯಿಂದ ಅವನ ಬಾಮೈದ. ಮಗು ಹಿಡಿಯುವ ಕ್ಯಾಚು. ನಾನು ಕೈ ಎತ್ತಿಬಿಟ್ಟಿದ್ದೆ.

“ನಂದು! ಬುಡ್ರಲಾ! ನಂದೂ!”

ಇಬ್ಬರೂ ನಿಂತರು. ಚೆಂಡು ಇಬ್ಬರ ನಡುವೆ ಬಿತ್ತು. ಚಂದಕವಾಡಿಯವರು ಎರಡು ಓಡಿ ಮುಗಿಸಿದರು.

“ನೀನೇ ಅಲ್ವೇನ್ಲಾ ಕೂಗಿದ್ದು?” ಅಂದ ಕ್ಯಾಪ್ಟನ್.

“ನಾನ್ಯಾಕ್ ಕೂಗ್ಲಿ ಭಾವ? ನಿನ್ ಮುಂದೆ ಮನೇಲೇ ಕೂಗಕ್ಕಿಲ್ಲ” ಅಂದ ಬಾಮೈದ.

ಎಲ್ಲರೂ ಪೆಂಡಾಲಿನ ಕಡೆ ತಿರುಗಿದೆವು. ಅಣ್ಣ ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಮೇಲಕ್ಕೆ, ಕಣ್ಣು ಆಕಾಶದಲ್ಲಿ. ಆಡುವ ಕಾಲದಲ್ಲಿ ಚೆಂಡು ಎಲ್ಲೇ ಎದ್ದರೂ ಹೀಗೆ ಕೂಗಿ, ಎಲ್ಲರನ್ನೂ ತಳ್ಳಿ, ತಾನೇ ಹಿಡಿಯುತ್ತಿದ್ದನಂತೆ. ಕಾಲು ಹೋಗಿದೆ, ಅಭ್ಯಾಸ ಹೋಗಿಲ್ಲ. ಈಗ ಮರಮರದಲ್ಲೂ ಹಾರ್ನು ಬೇರೆ.

ಇನ್ನೊಂದು ಬಾಲ್ ಕೊಡಿ ಅಂತ ನಾನು ಅಂಪೈರನ್ನು ಕೇಳಿದೆ. “ಗೆರೆ ಆಚೆ ಇರೋರು ಕೂಗುದ್ರೆ ನಾನೇನ್ಲಾ ಮಾಡ್ಲಿ? ಬಜ್ಜಿ ಅಕ್ಕನೂ ಕೂಗ್ತಾಳೆ” ಅಂದು ಸ್ಟಂಪ್ ಕಿತ್ತ.

ಕ್ಯಾಪ್ಟನ್ ನೆಲದ ಮೇಲಿದ್ದ ಬ್ಯಾಟ್ ತೆಗೆದುಕೊಂಡು ಪೆಂಡಾಲಿನ ಕಡೆ ಹೊರಟ. ಅಣ್ಣನಿಗೆ ಸುಮ್ಮನಿರಲು ಆಗಲಿಲ್ಲ.

“ಗುಂಡ್ಲುಪೇಟೆ ಕ್ಯಾಪ್ಟನ್ ನನ್ ಕಡೆ ಬತ್ತಾವ್ನೆ. ಕೈಲಿ ಬ್ಯಾಟದೆ. ಆಟ ಮುಗ್ದದೆ, ಬ್ಯಾಟ್ ಯಾಕೋ ಗೊತ್ತಾಯ್ತಾ ಇಲ್ಲ. ಗೊತ್ತಾಯ್ತು! ಕಾಮೆಂಟೇಟರ್ ಎದ್ದ! ಓಡ್ತಾವ್ನೆ! ಬಜ್ಜಿ ಅಂಗಡಿ ದಾಟ್ದ. ಮೊಣಕಾಲು ನೋಯ್ತದೆ, ಆದ್ರೂ ಏನ್ ಓಟ! ಕ್ಯಾಪ್ಟನ್ ಇಂದೆ ಅವ್ನೆ. ಯಾರಾರ ಇಡ್ಕಳ್ರಪ್ಪ, ನನ್ನಲ್ಲ, ಅವುನ್ನ!”

ವೈರಿಲ್ಲದ ಮೈಕು. ಕೈಯಲ್ಲೇ ಹಿಡಿದುಕೊಂಡು ಓಡುತ್ತಿದ್ದ. ಏದುಸಿರೂ ಹಾರ್ನಿನಲ್ಲಿ ಬರುತ್ತಿತ್ತು. ಫೈನಲ್ ಗೆದ್ದ ಚಂದಕವಾಡಿಯವರನ್ನು ಯಾರೂ ನೋಡಲಿಲ್ಲ, ಇಡೀ ಬಯಲು ಅಣ್ಣನಿಗೆ ಶಿಳ್ಳೆ ಹೊಡೆಯಿತು. ಅರ್ಧ ಬಯಲು ಓಡಿದ ಮೇಲೆ ಕ್ಯಾಪ್ಟನ್ ನಗು ತಡೆಯಲಾಗದೆ ಬ್ಯಾಟ್ ಊರಿ ಕುಳಿತುಬಿಟ್ಟ.

ನಾನು ಹತ್ತಿರ ಹೋಗಿ ನಿಂತೆ. ಏನು ಹೇಳುತ್ತಾನೋ ಅಂತ ಹೆದರಿಕೆ ಇತ್ತು.

“ಓವರು ಚೆನ್ನಾಗೇ ಆಕ್ದೆ ಕಣ್ಲಾ. ಬೀಳ್ಸಿದ್ದು ನಾವು” ಅಂದ. “ಮುಂದಿನ ಸಲನೂ ನೀನೇ ಆಕು.”

ಟಗರನ್ನು ಚಂದಕವಾಡಿಯವರು ಗಾಡಿಗೆ ಹತ್ತಿಸಿದರು. ಓವರ್ ನನಗೆ ಉಳಿಯಿತು. ಅಷ್ಟೆ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.