ಕಪ್ಪು ಬಳಿದ ಗೆರೆ

ಗೆರೆಯಣ್ಣನಿಗೆ ಹೆತ್ತವರು ಇಟ್ಟ ಹೆಸರೇನೆಂದು ಕೇಳಿದರೆ ಕಟ್ಟಿಕೊಂಡ ಹೆಂಡತಿಯೇ ಒಂದು ಗಳಿಗೆ ಯೋಚಿಸುತ್ತಿದ್ದಳು. ಮೂವತ್ತೊಂದು ವರ್ಷ ಹೆದ್ದಾರಿಯ ಮೇಲೆ ಬಿಳಿ ಗೆರೆ ಎಳೆದವನಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ. ಸುಣ್ಣ ಹಚ್ಚಿದ ದಾರವನ್ನು ಎರಡು ಮೊಳೆಗಳಿಗೆ ಬಿಗಿದು, ನಡುವೆ ಹಿಡಿದೆತ್ತಿ ಫಟ್ಟನೆ ಬಿಟ್ಟರೆ ನೆಲದ ಮೇಲೆ ಗುರುತು ಮೂಡುತ್ತದೆ. ಆ ಗುರುತಿನ ಮೇಲೆ ಕಾದ ಬಣ್ಣದ ಗಾಡಿಯನ್ನು ಹೆಜ್ಜೆ ತಪ್ಪದೆ ತಳ್ಳಬೇಕು. ಅವನ ಗೆರೆ ಒಂದು ಬೆರಳಿನಷ್ಟು ಅತ್ತಿತ್ತ ಸರಿದದ್ದನ್ನು ಕಂಡವರಿಲ್ಲ. ಮನೆಯಲ್ಲೂ ಅಷ್ಟೇ, ಊಟದ ತಟ್ಟೆ ಮೇಜಿನ ಅಂಚಿಗೆ ಸರಿಸಮ ಇಲ್ಲದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಆ ಹೆಂಗಸಿನ ತಾಳ್ಮೆ ದೊಡ್ಡದು.

ನಿವೃತ್ತಿಗೆ ಮುಂಚೆ ಅವನು ಮಾಡಿದ ಕೊನೆಯ ಕೆಲಸ ಹೆದ್ದಾರಿಯ ಮೇಲಿನ ಹಳೇ ಸೇತುವೆಯದು. ಹೆದ್ದಾರಿಗೆ ಇಳಿಯುವವರೂ ನೇರ ಹೋಗುವವರೂ ಅಲ್ಲಿ ಒಬ್ಬರಿಗೊಬ್ಬರು ಅಡ್ಡ ಬಂದು ದಿನಾ ಗಂಟುಬೀಳುತ್ತಿದ್ದರು. ಅದಕ್ಕೆ ಇಂಜಿನಿಯರಮ್ಮ ಒಂದು ವಿಚಿತ್ರ ಏರ್ಪಾಡು ಮಾಡಿದರು. ಸೇತುವೆಯ ಈ ತುದಿಯ ಸಿಗ್ನಲ್ಲಿನಲ್ಲಿ ವಾಹನಗಳೆಲ್ಲ ತಮ್ಮ ಪಕ್ಕ ಬಿಟ್ಟು ಎದುರಿನವರ ಪಕ್ಕಕ್ಕೆ ದಾಟಬೇಕು; ಸೇತುವೆಯುದ್ದಕ್ಕೂ ಹಾಗೇ ಹೋಗಿ, ಆ ತುದಿಯ ಸಿಗ್ನಲ್ಲಿನಲ್ಲಿ ಮತ್ತೆ ತಮ್ಮ ಪಕ್ಕಕ್ಕೆ ಬರಬೇಕು. ಕೇಳಿದವರು ನಕ್ಕರು, ಆದರೆ ಗಂಟು ಬಿಚ್ಚಿತು. ನಡುವೆ ಗೋಡೆ ಕಟ್ಟಲು ಜಾಗವಿಲ್ಲದ ಸೇತುವೆ ಅದು. ಎಲ್ಲರ ಪ್ರಾಣವೂ ಗೆರೆಯಣ್ಣನ ಬಣ್ಣದ ಮೇಲೆ ನಿಂತಿತ್ತು.

ಹೊಸ ಗೆರೆ ಎಳೆಯುವ ಮುಂಚೆ ಹಳೆಯದನ್ನು ಯಂತ್ರದಿಂದ ಕೆರೆದು ತೆಗೆಯಬೇಕು, ಅದು ನಿಯಮ. ಹಳೆಯದು ಅವನೇ ಹರೆಯದಲ್ಲಿ ಎಳೆದು, ಆಮೇಲೆ ಮತ್ತೆ ಮತ್ತೆ ತಿದ್ದಿದ್ದು. ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೋದ ಗೆರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಗೆರೆಯನ್ನು ಯಂತ್ರದ ಹಲ್ಲಿಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಆಳುಗಳನ್ನು ಟೀಗೆ ಕಳಿಸಿ, ತಾನೇ ಅದರ ಮೇಲೆ ಕಪ್ಪು ಬಣ್ಣ ಬಳಿದ. ಕಣ್ಣಿಗೆ ಟಾರಿನಲ್ಲಿ ಟಾರು ಕೂಡಿದಂತಾಯಿತು. ಇಂಜಿನಿಯರಮ್ಮ ಕೇಳಿದಾಗ, "ಪೂರಾ ಕೆರೆಸಿದ್ದೀನಿ ಮೇಡಂ" ಅಂದ. ಅವನ ಮಾತು ಕೇಳಿದ ಮೇಲೆ ರಸ್ತೆಗೆ ಬಗ್ಗಿ ನೋಡುವಷ್ಟು ಅನುಮಾನ ಆಕೆಗೆ ಬರಲೇ ಇಲ್ಲ. ಮುಂದಿನ ವಾರ ಹಾರ ಹಾಕಿಸಿಕೊಂಡು ಮನೆ ಸೇರಿದವನು ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಅವನ ಒಬ್ಬಳೇ ಮಗಳು ಊರಿನ ಬಸ್ಸು ಓಡಿಸುತ್ತಾಳೆ. ಸಂಜೆಯ ಪಾಳಿಯಲ್ಲಿ ಅದೇ ಸೇತುವೆ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಂದಳು, "ಅಪ್ಪಾ, ಐದೂವರೆ ಹೊತ್ತಿಗೆ ಆ ಸಿಗ್ನಲ್ ಹತ್ರ ಏನೋ ಸರಿ ಇಲ್ಲ. ಕೈ ದಾಟೋಕೇ ಒಪ್ಪಲ್ಲ. ನೇರ ಹೋಗು, ನೇರ ಹೋಗು ಅನ್ಸುತ್ತೆ. ನನಗೊಬ್ಬಳಿಗೇ ಅಲ್ಲ, ಡಿಪೋದಲ್ಲಿ ಎಲ್ರೂ ಹಾಗೇ ಅಂತಾರೆ. ಮೊನ್ನೆ ಒಂದು ಲಾರಿಗೂ ನನಗೂ ಮಧ್ಯೆ ಇಷ್ಟೇ ಉಳಿದಿತ್ತು."

ಅವಳು ತೋರಿಸಿದ ಗೇಣಳತೆ ನೋಡಿ ಗೆರೆಯಣ್ಣನಿಗೆ ತಾನು ಬಳಿದ ಕಪ್ಪು ಬಣ್ಣ ನೆನಪಾಯಿತು. ಬಾಯಿ ಮಾತ್ರ, "ಹುಷಾರಮ್ಮ" ಅಂದಿತು. ನಿಜ ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಮನುಷ್ಯನ ಮರ್ಯಾದೆ ಎಂಬುದು ಎಂಥ ಕೆಟ್ಟ ವಸ್ತು ನೋಡಿ, ಮಗಳ ಜೀವದ ಪಕ್ಕದಲ್ಲಿಟ್ಟರೂ ಅರ್ಧ ದಿನ ತೂಗಿತು.

ಸಂಜೆ ತಡೆಯಲಾರದೆ ಹೊರಟ. ಸೇತುವೆಯ ಅಂಚಿನ ಕಾಲುದಾರಿಯಲ್ಲಿ ನಿಂತಾಗ ಐದೂಕಾಲು. ಹೊಸ ಗೆರೆ ಬೆಳ್ಳಗೆ, ಚೆನ್ನಾಗಿಯೇ ಇತ್ತು. ಸೂರ್ಯ ಆ ತುದಿಗೆ ಇಳಿದ. ಬೆಳಕು ಓರೆಯಾಗಿ ರಸ್ತೆಯ ಮೇಲೆ ಹರಿಯಿತು, ಅಷ್ಟೇ, ಹೊಸ ಗೆರೆ ಮಾಸುತ್ತಾ ಮಾಸುತ್ತಾ ಇಲ್ಲವಾಯಿತು. ಅವನು ಬಳಿದ ಕಪ್ಪು ಬಣ್ಣ ಹೊಳೆಯತೊಡಗಿತು. ಹಳೆಯ ಗೆರೆ ನೆಲದೊಳಗಿಂದ ಎದ್ದು ಬಂದಂತೆ ಬೆಳ್ಳಗೆ, ನೇರವಾಗಿ, ಎದುರು ವಾಹನಗಳ ದಾರಿಗೇ ಹೋಗಿ ಮಲಗಿತು. ಹಾರನ್ನುಗಳು ನಿಂತವು. ಒಂದೊಂದು ಕಾರೂ ಸಿಗ್ನಲ್ಲಿನ ಬಳಿ ನಿಧಾನವಾಗಿ, ಯಾರದೋ ಮಾತು ಕೇಳುವಂತೆ ತಡೆದು, ಆಮೇಲೆ ಗಾಬರಿಯಿಂದ ದಾಟಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಮಗಳ ಬಸ್ಸು ಬಂತು. ಅದು ತಡೆಯಲಿಲ್ಲ. ಗೆರೆ ಹಿಡಿದು ನೇರ ಬಂತು. ಎದುರಿಂದ ಮರಳಿನ ಲಾರಿ. ಗೆರೆಯಣ್ಣ ಯೋಚಿಸಲಿಲ್ಲ, ಗೆರೆಯ ಮೇಲೆ ಹೋಗಿ ಎರಡೂ ಕೈ ಎತ್ತಿ ನಿಂತುಬಿಟ್ಟ. ಬ್ರೇಕಿನ ಸದ್ದಿಗೆ ಕಿವಿ ಗುಂಯ್‌ಗುಟ್ಟಿತು. ಬಸ್ಸು ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವನ ಬೆನ್ನ ಹಿಂದೆ ಲಾರಿಯೂ ನಿಂತಿತು.

ಮಗಳು ಇಳಿದು ಓಡಿಬಂದು ಅವನ ತೋಳು ಹಿಡಿದಳು.

"ನಿನಗೇನು ಬುದ್ಧಿ ಇದೆಯಾ ಅಪ್ಪಾ? ದಿನಾ ನೀನು ಆ ಗೆರೆ ಪಕ್ಕದಲ್ಲಿ ದಾರ ಹಿಡ್ಕೊಂಡು ನಿಂತಿರ್ತಿದ್ದೆ, ಇವತ್ತು ಯಾಕೆ ಎದುರಿಗೇ ಬಂದೆ?"

"ದಿನಾ?"

"ಇನ್ನೇನು? ಮನೇಲಿ ಹೇಳಿದ್ರೆ ಅಮ್ಮ ನಿನ್ನ ಬಯ್ತಾಳೆ ಅಂತ ನಾನು ಸುಮ್ಮನಿದ್ದೆ. ನೀನೇ ಬಾ ಬಾ ಅಂತ ಕೈ ಮಾಡ್ತಿದ್ದೆಯಲ್ಲ. ಅಪ್ಪ ಕರೀತಿದ್ದಾನೆ ಅಂದ್ಮೇಲೆ ದಾರಿ ಸರಿಯಾಗೇ ಇರುತ್ತೆ ಅಂತ ಇವತ್ತು ನೇರ ಬಂದುಬಿಟ್ಟೆ."

ಗೆರೆಯಣ್ಣ ಮಗಳ ಮುಖ ನೋಡಿದ. ಎಂಟು ತಿಂಗಳಲ್ಲಿ ತಾನು ಈ ಸೇತುವೆಗೆ ಬಂದದ್ದು ಇದೇ ಮೊದಲ ಸಲ. ಜೇಬಿನಿಂದ ಫೋನು ತೆಗೆದು, ಬಸ್ಸಿನವರೂ ಲಾರಿಯವನೂ ಕೇಳುವಷ್ಟು ಗಟ್ಟಿಯಾಗಿ ಇಂಜಿನಿಯರಮ್ಮನಿಗೆ ಹೇಳಿದ.

"ಮೇಡಂ, ನಾನು ಕೆರೆಸಿಲ್ಲ. ಸುಳ್ಳು ಹೇಳಿದ್ದೆ. ಈಗಲೇ ಯಂತ್ರ ಕಳಿಸಿ. ಅದು ಬರೋವರೆಗೂ ನಾನು ಇಲ್ಲಿಂದ ಕದಲಲ್ಲ, ನಾನು ಕರೆಯೋನಲ್ಲ, ತಡೆಯೋನು ಅಂತ ನನ್ನ ಮಗಳಿಗೆ ಗೊತ್ತಾಗಬೇಕು."