ಚಪ್ಪಲಿ ಬಿಟ್ಟು ಹೋಗುವ ತೋಟ

ವೀಳ್ಯದ ಎಲೆಬಳ್ಳಿಗೆ ನೀರು ಬೇಕು, ಆದರೆ ನಿಂತ ನೀರು ಆಗುವುದಿಲ್ಲ. ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಇಷ್ಟು ತಿಳಿದರೆ ನಾನು ಮುಂದೆ ಬರೆಯುವುದೆಲ್ಲ ತಿಳಿಯುತ್ತದೆ.

ನನ್ನ ತವರು ಜೇವರ್ಗಿ ಕಡೆ. ಕರಿ ನೆಲ, ಜೋಳ, ತೊಗರಿ, ನೆರಳಿಗೆಂದರೆ ದೂರದಲ್ಲಿ ಒಂದು ಬೇವಿನ ಗಿಡ. ಮದುವೆಯಾಗಿ ಆಳಂದ ಸೀಮೆಯ ಈ ಊರಿಗೆ ಬಂದಾಗ ಗಂಡನ ಮನೆಯವರ ಎಲೆತೋಟ ನೋಡಿ ಬಾಯಿ ತೆರೆದು ನಿಂತಿದ್ದೆ. ಚೊಗಚಿ, ನುಗ್ಗೆ ಗಿಡಗಳ ಸಾಲು, ಒಂದೊಂದು ಗಿಡಕ್ಕೂ ಹಬ್ಬಿದ ಬಳ್ಳಿ, ಉರಿ ಬಿಸಿಲಿನಲ್ಲೂ ಒಳಗೆ ತಂಪು. ಮಾವ ಹಚ್ಚಿದ ತೋಟ ಅದು. ನಾನು ಬರುವ ಮೊದಲೇ ಅವರು ತೀರಿಹೋಗಿದ್ದರು. ಮನೆಯ ಒಲೆ ಉರಿಯುತ್ತಿದ್ದುದು ಆ ಎಲೆಯಿಂದಲೇ.

ತೋಟಕ್ಕೆ ಕಟ್ಟಳೆಗಳಿದ್ದವು. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಡಬೇಕು. ಮುಟ್ಟಾದ ಹೆಂಗಸು ಬೇಲಿ ದಾಟಬಾರದು. ಚಪ್ಪಲಿಯದು ಸರಿ, ಎರಡನೆಯದು ನನಗೆ ಹೊಸದು. ನಾವು ಲಿಂಗ ಕಟ್ಟಿದವರು, ನಮ್ಮಲ್ಲಿ ಸೂತಕವಿಲ್ಲ. ತವರಿನಲ್ಲಿ ನನ್ನ ಅವ್ವ ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತಿದ್ದಳು, ಪೂಜೆ ಮಾಡುತ್ತಿದ್ದಳು. ಅತ್ತೆಯ ಮನೆಯಲ್ಲೂ ಒಲೆಗೆ ಅಡ್ಡಿ ಇರಲಿಲ್ಲ.

“ಮನ್ಯಾಗ ಸೂತಕ ಇಲ್ಲಂದ್ರ ತೋಟದಾಗ ಹ್ಯಾಂಗ ಬಂತ್ರಿ ಅತ್ತಿ?” ಎಂದು ಹೊಸದರಲ್ಲಿ ಕೇಳಿದ್ದೆ.

“ಸೂತಕ ಇಲ್ಲಂಬೋದು ನಮಗ ಗೊತ್ತದ ಬೇ. ಬಳ್ಳಿಗಿ ಯಾರು ಹೇಳ್ಬೇಕು?” ಎಂದಳು.

ಅಂದಿನಿಂದ ಆ ದಿನಗಳಲ್ಲಿ ನಾನೂ ಬೇಲಿಯ ಹೊರಗೇ ಉಳಿದೆ.

ಊರಿಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ದಸರೆಯ ಹೊತ್ತು, ಹಸ್ತಿ ಮಳೆ. ಗಂಡ ಎಲೆಯ ಪೆಂಡಿ ಹೇರಿಕೊಂಡು ಅಫಜಲಪುರದ ಸಂತೆಗೆ ಹೋಗಿದ್ದ. ಅವನು ಹೋದ ಮರುದಿನ ಮೂಡಣದಿಂದ ಗಾಳಿ ಎದ್ದಿತು. ಮಳೆ ಮೇಲಿಂದ ಬೀಳಲಿಲ್ಲ, ಅಡ್ಡಕ್ಕೆ ಬಡಿಯಿತು. ಹೊಸ ಕರೆಂಟು ಮೊದಲು ಹೋಯಿತು. ಅಂಥ ತುಫಾನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊಸ ಮಣ್ಣು ಹಾಕಿ ತುಳಿದಿದ್ದೆವು, ಮುಂಗಾರಿಗೆ ತಡೆದಿತ್ತು. ಇದಕ್ಕೆ ತಡೆಯಲಿಲ್ಲ. ಅಡಿಗೆಮನೆ ಸೋರಿತು, ಆಮೇಲೆ ಪಡಸಾಲೆ. ಜೋಳದ ಚೀಲಗಳನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆದೆ. ಆ ಮೂಲೆಯೂ ಸೋರಿತು. ನನ್ನ ಕೂಸು ಮಲಗಿದ್ದ ತೊಟ್ಟಿಲನ್ನು ಬಿಚ್ಚಿ ಬೇರೆ ತೊಲೆಗೆ ಕಟ್ಟಿದೆ. ಅತ್ತೆ ಬೂದಿಯ ಬುಟ್ಟಿ ಹೊತ್ತು ಮಾಳಿಗೆ ಹತ್ತಿದಳು. ಸೋರುವ ಕಡೆ ಬೂದಿ ಒತ್ತುವುದು ನಮ್ಮ ಕಡೆಯ ರೂಢಿ. ಗಾಳಿ ಆ ಬೂದಿಯನ್ನು ತಂದು ಅವಳ ಮುಖಕ್ಕೇ ಹೊಡೆಯಿತು. ಹಣೆಗಷ್ಟೇ ವಿಭೂತಿ ಹಚ್ಚುವವಳು ಮೈತುಂಬ ಹಚ್ಚಿಕೊಂಡಂತೆ ಕೆಳಗಿಳಿದಳು. ನಾನು ನಕ್ಕುಬಿಟ್ಟೆ.

“ನಗು, ನಗು. ಮಾಳಿಗಿ ತೆಲಿ ಮ್ಯಾಲ ಬಿದ್ದಾಗೂ ಹಿಂಗೇ ನಗು,” ಎಂದಳು.

ಅದು ಆ ವರ್ಷದ ಕೊನೆಯ ನಗೆ.

ಇನ್ನೊಂದು ಬೆಳಗಾದರೂ ಮಳೆ ನಿಲ್ಲಲಿಲ್ಲ. ಅತ್ತೆ ಗೋಣಿಚೀಲ ಮುಸುಕು ಹಾಕಿಕೊಂಡು ತೋಟ ನೋಡಿ ಬಂದಳು. ಬಂದವಳು ಕೂಡಲಿಲ್ಲ.

“ನುಗ್ಗಿ ಗಿಡ ಮುರಕೊಂಡು ಬಿದ್ದಾವ. ನೀರು ಪಾದ ಮುಳಗೂಹಂಗ ನಿಂತದ. ಕೆಳಗಿನ ಒಡ್ಡು ಒಡದ್ರ ಹಳ್ಳಕ್ಕ ಹೋಗ್ತದ. ನನ್ನ ಕೈಲಿ ಆಗಲಿಲ್ಲ.”

ಅವಳ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಸಲಿಕೆ ಹಿಡಿದರೆ ಜಾರುತ್ತಿತ್ತು. ಬಾಜೂ ಮನೆಯವನನ್ನು ಕರೆದೆವು. ಅವನ ಕೊಟ್ಟಿಗೆಯ ಗೋಡೆ ಎಮ್ಮೆಯ ಮೇಲೆ ಬಿದ್ದಿತ್ತು. ಕಲ್ಲು ಎತ್ತುತ್ತಲೇ, “ಎಮ್ಮಿ ಉಳಿದ್ರ ಬರ್ತೇನಿ ಯವ್ವಾ,” ಎಂದ. ಎಮ್ಮೆ ಉಳಿಯಲಿಲ್ಲ, ಅವನೂ ಬರಲಿಲ್ಲ. ಊರಿನ ಉಳಿದ ಗಂಡಸರೆಲ್ಲ ತಮ್ಮ ತಮ್ಮ ಮಾಳಿಗೆಯ ಮೇಲೆ.

“ನಾ ಹೋಗ್ತೇನ್ರಿ,” ಎಂದೆ.

“ನೀ ಮುಟ್ಟಾಗೀದಿ.”

“ಹೌದ್ರಿ, ನಿನ್ನೆ ಆಗೀನಿ. ನನ್ನ ದಿನ ಮುಗಿಯೋತನಕ ನೀರು ಕಾಯ್ತದೇನ್ರಿ?”

ಅವಳು ಹೊಸ್ತಿಲ ಮೇಲೆ ಅಡ್ಡ ಕುಳಿತಳು. “ನನ್ನ ದಾಟಿ ಹೋಗು ನೋಡಮು.”

ದಾಟಲಿಲ್ಲ. ಆಗಿನ ಸೊಸೆಯಂದಿರು ದಾಟುತ್ತಿರಲಿಲ್ಲ. ಒಳಗೆ ಪಾತ್ರೆ ತುಂಬುತ್ತಿತ್ತು, ನಾನು ಚೆಲ್ಲುತ್ತಿದ್ದೆ, ಮತ್ತೆ ತುಂಬುತ್ತಿತ್ತು. ಅವಳು ಅಲ್ಲೇ ಕುಳಿತು ಹೊರಗೆ ನೋಡುತ್ತಿದ್ದಳು. ಮಾವ ಹಚ್ಚಿದ ತೋಟ, ನನಗಿಂತ ಅವಳಿಗೇ ಹೆಚ್ಚು ಉರಿಯುತ್ತಿದ್ದಿರಬೇಕು. ಹೊತ್ತು ನೆತ್ತಿಗೆ ಬಂದು ದಾಟಿತು. ಕೂಸು ಅತ್ತಾಗ ಎದ್ದು ಬಂದು ಅದನ್ನು ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದಳು.

“ನಾ ಏನೂ ನೋಡಿಲ್ಲ ನೋಡು,” ಎಂದಳು.

ಸಲಿಕೆ ತೆಗೆದುಕೊಂಡು ಓಡಿದೆ. ಬೇಲಿಯ ಹತ್ತಿರ ಚಪ್ಪಲಿ ಬಿಟ್ಟೆ. ಅಷ್ಟರಲ್ಲೂ ಅದನ್ನು ಮರೆಯಲಿಲ್ಲ. ಒಳಗೆ ತೋಟವಿರಲಿಲ್ಲ, ಕೆರೆಯಿತ್ತು. ನುಗ್ಗೆ ಗಿಡಗಳು ಬಳ್ಳಿಯ ಸಮೇತ ಅಡ್ಡ ಬಿದ್ದಿದ್ದವು, ಎಲೆಗಳು ನೀರಿನ ಮೇಲೆ ತೇಲುತ್ತಿದ್ದವು. ಒಡ್ಡು ಮಾವ ಗಟ್ಟಿಯಾಗಿ ಕಟ್ಟಿದ್ದು. ಬೇಸಿಗೆಯಲ್ಲಿ ಹನಿ ನೀರು ಹೊರಗೆ ಹೋಗಬಾರದೆಂದು ಕಟ್ಟಿದ್ದು. ಅಂಗೈ ಕಿತ್ತುಬರುವವರೆಗೆ ಅಗೆದೆ. ಕಡೆಗೆ ಒಂದು ಕಡೆ ಬಾಯಿ ಬಿಟ್ಟಿತು, ಆಮೇಲೆ ತಾನೇ ಕುಸಿದು ನೀರೆಲ್ಲ ಹಳ್ಳಕ್ಕೆ ನುಗ್ಗಿತು. ಕೈಗೆ ಸಿಕ್ಕ ಬಳ್ಳಿಗಳನ್ನು ನಿಂತಿದ್ದ ಚೊಗಚಿಗೆ ಬಾಳೆನಾರಿನಿಂದ ಕಟ್ಟಿದೆ. ಮನೆಗೆ ಬಂದಾಗ ಅತ್ತೆ ಬಿಸಿನೀರು ಇಟ್ಟಿದ್ದಳು.

ಹಳ್ಳ ಇಳಿದ ಮೇಲೆ ಗಂಡ ಬಂದ. ದಾರಿ ಕಟ್ಟಿದ್ದರಿಂದ ಅತನೂರಿನಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದನಂತೆ, ಬಿಸಿ ಜುಣಕ ತಿಂದುಕೊಂಡು. ತೋಟ ಸುತ್ತಿ ಬಂದು, “ಅರ್ಧ ಉಳದದ. ಒಡ್ಡು ಯಾರು ಒಡದ್ರು?” ಎಂದು ಕೇಳಿದ.

“ನಾ,” ಎಂದೆ.

“ಶಾಣ್ಯಾ ಅದೀ,” ಎಂದ. ಮದುವೆಯಾದ ಮೇಲೆ ಅವನು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ಹೊಗಳಿಕೆ ಬಹಳ ದಿನ ಬಾಳಲಿಲ್ಲ.

ಬಿಸಿಲು ಬಿತ್ತು. ಎಲೆ ಹಳದಿಯಾಗತೊಡಗಿತು. ಬುಡದ ದಂಟು ಕರ್ರಗಾಗಿ, ಹಿಚುಕಿದರೆ ಕೆಟ್ಟ ವಾಸನೆಯ ನೀರು ಬಂತು. ಇವತ್ತು ಒಂದು ಸಾಲು, ನಾಳೆ ಪಕ್ಕದ ಸಾಲು. ನಾನು ಕಟ್ಟಿದ ಬಳ್ಳಿಯೂ ಹೋಯಿತು, ಮುಟ್ಟದ ಬಳ್ಳಿಯೂ ಹೋಯಿತು. ಅತ್ತೆ ಮಗನ ಮುಂದೆ ಕುಳಿತು ಅತ್ತಳು.

“ನಾ ಬ್ಯಾಡಂದಿದ್ದೆ. ಮುಟ್ಟಾದಾಕಿ ಕೇಳಲಿಲ್ಲ.”

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ನೀರು ನಿಂತು ಸತ್ತದ್ದು ಎಂದು ನಾನು ಹೇಳಿದೆ. ಬೆಳಿಗ್ಗೆಯೇ ಒಡೆದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಗಂಡ ಎದ್ದು ಹೋದ.

ಮತ್ತೆ ಹಚ್ಚಬೇಕೆಂದರೆ ಬಳ್ಳಿಯ ತುಂಡು ಬೇಕು. ನಮ್ಮದರಲ್ಲಿ ಒಂದೂ ಉಳಿದಿರಲಿಲ್ಲ. ಗಂಡ ಕಿಣ್ಣಿ ಸುಲ್ತಾನದ ಕಡೆಯ ತೋಟದವರನ್ನು ಕೇಳಲು ಹೋದ. ಸುದ್ದಿ ಅವನಿಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ಚಹಾ ಕೊಟ್ಟರಂತೆ, ಬಳ್ಳಿ ಕೊಡಲಿಲ್ಲ. “ತಪ್ಪು ತಿಳೀಬ್ಯಾಡ್ರಿ, ನಿಮ್ಮ ಮನಿ ಕೈ ಹತ್ತಿದ್ರ ನಮ್ಮದೂ ಹೋಗ್ತದ,” ಎಂದರಂತೆ. ಇನ್ನೊಂದು ಕಡೆ ಕೇಳಲು ಅವನು ಹೋಗಲಿಲ್ಲ.

ಗಿಡ ಕಡಿದರು, ಬೇರು ಕಿತ್ತು ಸುಟ್ಟರು. ಮುಂದಿನ ಮುಂಗಾರಿಗೆ ತೊಗರಿ ಬಿತ್ತುವುದೆಂದಾಯಿತು. ಬಿತ್ತುವ ದಿನ ನಾನು ಬುತ್ತಿ ಹೊತ್ತು ಹೋದೆ. ಬೇಲಿಯಿದ್ದ ಜಾಗದಲ್ಲಿ ಕಾಲು ತಾನೇ ನಿಂತಿತು, ಚಪ್ಪಲಿ ಬಿಟ್ಟೆ. ತಲೆ ಎತ್ತಿ ನೋಡಿದರೆ ಗಂಡ ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದಾಡುತ್ತಿದ್ದ. ತೋಟ ಹೋಯಿತೆಂದು ನನಗೆ ಪೂರ್ತಿ ತಿಳಿದದ್ದು ಆಗ.

ಕಳೆ ತೆಗೆಯುವ ಕಾಲಕ್ಕೆ ನಾನು ಮುಟ್ಟಾಗಿ ಮನೆಯಲ್ಲೇ ಉಳಿದಿದ್ದೆ. ಅತ್ತೆ ಕಳೆ ಕೀಳುವ ಕುರ್ಚಿಗೆಯನ್ನು ನನ್ನ ಮುಂದೆ ಎಸೆದಳು.

“ಹೋಗ ಬೇ. ಈಗ ಯಾವಾಗ ಬೇಕಾದ್ರೂ ಹೋಗು. ಬರೇ ಹೊಲ ಅದ.”

ಹೋದೆ. ಕಳೆ ಬಹಳ ಇತ್ತು.