ಕದಲದ ಟ್ಯಾಂಕು

ಮಾರ್ಚ್ ಒಂಬತ್ತು, ಭಾನುವಾರ. ಬೆಳಗ್ಗೆ ತೆಳುವಾದ ಮೋಡವಿತ್ತು. ಹತ್ತರ ಹೊತ್ತಿಗೆ ಅದೂ ಕರಗಿ ಬಿಸಿಲು ಚುರುಗುಟ್ಟತೊಡಗಿತು. ಗಾಳಿ ಇರಲಿಲ್ಲ. ಮಿಲಿಮೀಟರ್ ಎಂದು ಅಡ್ಡಹೆಸರಿದ್ದ ಅವನು ತನ್ನ ಅಕ್ಕನ ಮನೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಮಾತನ್ನು ಎಲ್ಲಿಂದ ಆರಂಭಿಸಬೇಕೆಂದು ಯೋಚಿಸುತ್ತಿದ್ದ. ಮಂಗಳವಾರ ಅವರ ಮನೆಯ ಮೇಲಂತಸ್ತಿಗೆ ಸ್ಲ್ಯಾಬ್ ಹಾಕುವವರಿದ್ದರು. ಅದನ್ನು ನಿಲ್ಲಿಸಬೇಕಿತ್ತು.

ಆ ಅಡ್ಡಹೆಸರು ಕಚೇರಿಯವರು ಇಟ್ಟದ್ದು. ಕ್ಯಾಂಟೀನಿನಲ್ಲಿ ಯಾರೋ ಬೆಂಚು ಸ್ವಲ್ಪ ಸರಿಸಿ ಎಂದಾಗ ಅವನು “ಎಷ್ಟು ಮಿಲಿಮೀಟರ್?” ಎಂದು ಕೇಳಿದನಂತೆ. ನಿಜವೋ ಕಟ್ಟುಕಥೆಯೋ ಅವನಿಗೇ ಮರೆತುಹೋಗಿದೆ. ಕೆಲಸಕ್ಕೆ ಸೇರಿದ್ದು ಫಿಲ್ಮ್ ತೊಳೆಯುವ ಕತ್ತಲೆಕೋಣೆಗೆ. ಆಗ ಉಪಗ್ರಹದ ಚಿತ್ರಗಳನ್ನು ದಾರಕ್ಕೆ ಕ್ಲಿಪ್ ಹಾಕಿ ಬಟ್ಟೆಯಂತೆ ಒಣಹಾಕುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಕತ್ತಲೆಕೋಣೆ ಉಗ್ರಾಣವಾಯಿತು, ಅವನು ನೆಲದ ಏರಿಳಿತ ಅಳೆಯುವ ವಿಭಾಗದಲ್ಲಿ ತಾಂತ್ರಿಕ ಸಹಾಯಕನಾದ.

ಆ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ಉಪಗ್ರಹ ಕೆಲವು ದಿನಗಳಿಗೊಮ್ಮೆ ಅದೇ ದಾರಿಯಲ್ಲಿ ಬಂದು ಊರಿನ ಮೇಲೆ ಹಾದುಹೋಗುತ್ತದೆ. ರೇಡಾರ್ ಅಲೆಗಳನ್ನು ಕೆಳಗೆ ಬಿಟ್ಟು, ಛಾವಣಿ, ಕಂಬ, ಬಂಡೆಗಳಿಗೆ ತಗುಲಿ ಹಿಂತಿರುಗಿದ್ದನ್ನು ಹಿಡಿದುಕೊಳ್ಳುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಬೇರೆ ಬೇರೆ ದಿನಗಳ ಅಲೆಗಳನ್ನು ಹೋಲಿಸಿದರೆ ಒಂದು ಛಾವಣಿ ಎಷ್ಟು ಕೂತಿದೆ, ಎಷ್ಟು ಎದ್ದಿದೆ ಎಂಬುದು ಉಗುರಿನ ದಪ್ಪದ ಲೆಕ್ಕದಲ್ಲಿ ಸಿಗುತ್ತದೆ. ತೊಡಕಿರುವುದು ಒಂದೇ: ಯಾವುದರಿಂದ ಅಳೆಯುವುದು? ಊರಿನಲ್ಲಿ ಯಾವುದಾದರೂ ಒಂದು ಜಾಗವನ್ನು ಕದಲದ್ದೆಂದು ಮೊದಲೇ ಒಪ್ಪಿಕೊಳ್ಳಬೇಕು. ಮಿಕ್ಕದ್ದೆಲ್ಲ ಅದಕ್ಕೆ ಹೋಲಿಸಿ ಅಳತೆಯಾಗುತ್ತದೆ.

ಆ ಜಾಗವನ್ನು ಆರಿಸಿದವನು ಅವನೇ. ವಿಭಾಗ ಶುರುವಾದ ವರ್ಷ ಮುಖ್ಯಸ್ಥೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, “ನೀವು ಹುಟ್ಟಿ ಬೆಳೆದ ಊರು. ಅಲ್ಲಾಡದ ಜಾಗ ಒಂದು ತೋರಿಸಿ” ಎಂದಿದ್ದರು. ಅವನ ಬೆರಳು ನೇರವಾಗಿ ಅಕ್ಕನ ಬೀದಿಯ ಕೊನೆಯಲ್ಲಿದ್ದ ಹಳೆಯ ನೀರಿನ ಟ್ಯಾಂಕಿನ ಮೇಲೆ ಹೋಯಿತು. ಅಕ್ಕ, ಅವನು ಇಬ್ಬರೂ ಅದರ ದಪ್ಪ ಕಾಲುಗಳ ಸುತ್ತ ಆಡಿ ಬೆಳೆದವರು. ರೇಡಾರ್ ಚಿತ್ರದಲ್ಲೂ ಅದು ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು. “ಇದು ಕದಲಿದ್ರೆ ಊರೇ ಕದಲಿದ ಹಾಗೆ ಮೇಡಂ” ಎಂದಿದ್ದ. ಎಲ್ಲರೂ ತಲೆಯಾಡಿಸಿದರು. ನೆಲದಡಿಯ ನೀರು ಹೀರಿ ಟ್ಯಾಂಕಿಗೆ ತುಂಬುವ ಕೊಳವೆಬಾವಿಗಳು ಅದರ ಬುಡದಲ್ಲೇ ಇದ್ದದ್ದು ಯಾರ ತಲೆಗೂ ಬರಲಿಲ್ಲ.

ಅಂದಿನಿಂದ ಬಂದ ನಕ್ಷೆಗಳಲ್ಲೆಲ್ಲ ಊರಿನ ನಡುಭಾಗ ಕಲ್ಲಿನಂತೆ ನಿಂತಿರುತ್ತಿತ್ತು. ಹೊರವಲಯ ಮಾತ್ರ ತುಸು ಮೇಲೇಳುತ್ತಿತ್ತು. ಹೊರಗಿನ ಬಾವಿಗಳನ್ನು ಮುಚ್ಚಿದ್ದರಿಂದ ನೆಲ ನೀರುಂಡು ಉಬ್ಬುತ್ತಿರಬಹುದೆಂದು ವಿಭಾಗ ವರದಿ ಬರೆಯಿತು. ರೈಲು ಹೊರಟಾಗ ಒಳಗೆ ಕುಳಿತವನು ಪ್ಲಾಟ್‌ಫಾರಂ ಹಿಂದಕ್ಕೆ ಓಡಿತೆಂದು ಬರೆದುಕೊಟ್ಟಂತೆ.

ಮೊನ್ನೆ ಶುಕ್ರವಾರ ಆ ತಪ್ಪು ಬಯಲಾಯಿತು. ಹೊಸದಾಗಿ ಸೇರಿದ್ದ ಕಿರಿಯ ವಿಜ್ಞಾನಿಯೊಬ್ಬಳು ಊರಾಚೆಯ ಬಂಡೆಗುಡ್ಡದ ಮೇಲೆ ಒಂದು ಉಪಕರಣ ನೆಟ್ಟಿದ್ದಳು. ಅದು ಬೇರೆ ಉಪಗ್ರಹಗಳ ಸಂಕೇತ ಹಿಡಿದು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತಿತ್ತು. ವರ್ಷವಿಡೀ ಗುಡ್ಡ ಮಿಸುಕಾಡಿರಲಿಲ್ಲ. ಅವಳು ಕದಲದ ಗುರುತನ್ನು ಟ್ಯಾಂಕಿನಿಂದ ಗುಡ್ಡಕ್ಕೆ ಬದಲಾಯಿಸಿ, ಹಳೆಯ ಚಿತ್ರಗಳನ್ನೆಲ್ಲ ಮತ್ತೊಮ್ಮೆ ಲೆಕ್ಕಕ್ಕೆ ಹಚ್ಚಿದಳು.

“ಅಂಕಲ್, ಒಂದ್ನಿಮಿಷ ಇಲ್ಲಿ ಬರ್ತೀರಾ?”

ಪರದೆಯ ಮೇಲೆ ಹೊರವಲಯ ತಣ್ಣಗೆ ನಿಂತಿತ್ತು. ಊರಿನ ನಡುಭಾಗ ತಟ್ಟೆಯ ಹಾಗೆ ತಗ್ಗಿ ಕೆಂಪಾಗಿತ್ತು. ತಟ್ಟೆಯ ತಳದಲ್ಲಿ ಟ್ಯಾಂಕು. ವರ್ಷಕ್ಕೆ ಎರಡು ಬೆರಳಿನಷ್ಟು ಇಳಿತ.

ಮುಖ್ಯಸ್ಥೆಯೂ ಬಂದು ನೋಡಿದರು. ಗದರಲಿಲ್ಲ, ಗದರಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಇನ್ನೂ ಎರಡ್ಮೂರು ಸಲದ ಚಿತ್ರ ಬಂದ್ಮೇಲೇನೆ ವರದಿ ಹೊರಗೆ ಹೋಗೋದು. ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡೋದು ಬೇಡ” ಎಂದರು. ಆಮೇಲೆ, “ನಿಮ್ಮಕ್ಕನ ಮನೆ ಅದೇ ಬೀದೀಲಿ ಅಲ್ವಾ?”

“ಹೌದು ಮೇಡಂ.”

“ನಾನೇನೂ ಕೇಳ್ಲಿಲ್ಲ ಅಂದ್ಕೊಳ್ಳಿ.”

ಬಸ್ಸಿಳಿದು ನಡೆದು ಬಂದಾಗ ಭಾವ ಅಂಗಳದಲ್ಲಿ ಬಾಗಿಲನ್ನು ಅಡ್ಡ ಮಲಗಿಸಿ ಮರ ಹೆರೆಯುವ ಉಜ್ಜುಗೊರಡು ಹಿಡಿದಿದ್ದ. ಅವನು ಬಡಗಿ, ಊರಿನ ಅರ್ಧ ಬಾಗಿಲುಗಳು ಅವನ ಕೈಯವು.

“ಬನ್ನಿ ಬನ್ನಿ ಮಿಲಿಮೀಟರ್ ಸಾಹೇಬ್ರೆ. ಮೇಲಿಂದ ನೋಡಿ ಸಾಕಾಗಿ ಇವತ್ತು ಕೆಳಗಿಂದ ನೋಡೋಣ ಅಂತ ಬಂದ್ರಾ?”

“ಬಾಗಿಲು ಮತ್ತೆ ಹಿಡೀತಿದೆಯಾ ಭಾವ?”

“ಈಗಿನ ಮರಕ್ಕೆ ಮಾನ ಮರ್ಯಾದೆ ಇಲ್ಲ ಕಣಯ್ಯ. ಬೇಸಿಗೇಲೂ ಉಬ್ಬುತ್ತೆ.”

ಒಳಗಿಂದ ಅಕ್ಕನ ದನಿ ಬಂತು: “ಊರವರ ಬಾಗಿಲೆಲ್ಲ ಬೆಣ್ಣೆ ಥರ ಕೂರಿಸ್ತಾರೆ. ನಮ್ಮನೇದು ಹಾಕ್ಬೇಕಾದ್ರೆ ಇಬ್ಬರು ಬೇಕು, ಒಬ್ಬರು ಎಳೆಯೋಕೆ, ಒಬ್ಬರು ಒದೆಯೋಕೆ.”

ಮಿಲಿಮೀಟರ್ ಬಾಗಿಲನ್ನು ನೋಡಿದ. ಮತ್ತೆ ಮತ್ತೆ ಹೆರೆದು ಅದರ ಮೇಲಂಚು ಓರೆಯಾಗಿಬಿಟ್ಟಿತ್ತು. ಕೆಳಗಂಚು ಇನ್ನೊಂದು ಕಡೆಗೆ ಓರೆ. ಅದು ಈಗ ಮೂಲೆ ನೇರವಿದ್ದ ಬಾಗಿಲಾಗಿ ಉಳಿದಿರಲಿಲ್ಲ.

ಒಳಗೆ ನಡುಮನೆಯ ತುಂಬ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆಗಳು. ಅಕ್ಕನ ಮಗಳು ಬಾಡಿಗೆ ಮನೆ ಬಿಟ್ಟು ಗಂಡ, ಮಗುವಿನೊಡನೆ ಬಂದು ವಾರವಾಗಿತ್ತು. ಮೇಲಂತಸ್ತು ಮುಗಿಯುವವರೆಗೆ ಇಲ್ಲೇ. ಮಗು ಪೆಟ್ಟಿಗೆಗಳ ನಡುವೆ ನಿದ್ದೆ ಹೋಗಿತ್ತು.

“ಅಕ್ಕ, ಭಾವ, ಸ್ವಲ್ಪ ಕೂತ್ಕೊಳ್ಳಿ. ಮಂಗಳವಾರದ ಕೆಲಸ ನಿಲ್ಲಿಸ್ಬೇಕು.”

“ಯಾಕೋ? ಯಾರಿಗೇನಾಯ್ತೋ?” ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಯಾರಿಗೂ ಏನಾಗಿಲ್ಲ. ನೆಲ ಕೂರ್ತಿದೆ. ಈ ಬೀದಿ ಪೂರ್ತಿ.”

ಭಾವ ನಕ್ಕ. “ಹೋದ ವರ್ಷ ಇದೇ ಜಾಗದಲ್ಲಿ ಕೂತು ಏನಂದೆ ನೀನು? ‘ಊರಲ್ಲಿ ಎಲ್ಲಿ ಬೇಕಾದ್ರೂ ಭಯ ಪಡಿ, ನಿಮ್ಮ ಬೀದಿ ಬಂಡೆ’ ಅಂದೆ. ಮೇಲೆ ಕಟ್ಟೋ ಧೈರ್ಯ ಕೊಟ್ಟಿದ್ದೇ ನೀನು ಭಾಮೈದ. ಈಗ ಆಕಾಶ ಮಾತು ಬದಲಾಯಿಸ್ತಾ?”

“ಆಕಾಶ ಸರಿಯಾಗೇ ಹೇಳಿತ್ತು ಭಾವ. ನಾನು ಗುರುತು ತಪ್ಪು ಹಿಡಿದಿದ್ದೆ. ಟ್ಯಾಂಕೇ ಇಳೀತಿತ್ತು.”

“ನಮ್ಮ ಟ್ಯಾಂಕಾ?” ಎಂದಳು ಅಕ್ಕ, ಹತ್ತಿರದ ಸಂಬಂಧಿಕರೊಬ್ಬರ ಕಾಯಿಲೆಯ ಸುದ್ದಿ ಕೇಳಿದವಳಂತೆ.

ಭಾವ ಎದ್ದ. ಸಾಮಾನಿನ ಚೀಲದಿಂದ, ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಗುಗುಂಡು ತೆಗೆದು, ಬರಿದಾಗಿದ್ದ ಬಾಗಿಲಿನ ಚೌಕಟ್ಟಿನ ಮೇಲ್ತುದಿಯಿಂದ ಇಳಿಬಿಟ್ಟ. ಕೂರಿಸಿದ ದಿನ ಗುಂಡು ಹಿಡಿದು ನೋಡಿದ ಚೌಕಟ್ಟನ್ನು ಆಮೇಲೆ ಅನುಮಾನಿಸುವುದು ಯಾವ ಬಡಗಿಗೂ ಹೊಳೆಯುವುದಿಲ್ಲ. ಇಷ್ಟು ವರ್ಷ ಅವನು ಮರವನ್ನೇ ಬೈದಿದ್ದ. ಗುಂಡು ತೂಗಿ ತೂಗಿ ನಿಂತಿತು. ದಾರಕ್ಕೂ ಚೌಕಟ್ಟಿನ ಬುಡಕ್ಕೂ ನಡುವೆ ಬೆರಳು ತೂರುವಷ್ಟು ಜಾಗ. ಭಾವ ಬೆರಳು ತೂರಿಸಿಯೇ ನೋಡಿದ. ದಾರವನ್ನು ನಿಧಾನವಾಗಿ ಸುತ್ತಿ ಜೇಬಿಗಿಟ್ಟುಕೊಂಡ.

“ಸರಿ. ಈಗೇನು ಮಾಡೋದು ಹೇಳು.”

ಬಸ್ಸಿನಲ್ಲಿ ಮಿಲಿಮೀಟರ್ ಅವರನ್ನು ನಂಬಿಸುವ ಮಾತುಗಳನ್ನಷ್ಟೇ ಜೋಡಿಸಿಕೊಂಡಿದ್ದ. ನಂಬಿದ ಮೇಲೆ ಏನೆಂದು ಯೋಚಿಸಿರಲಿಲ್ಲ.

“ಟ್ಯಾಂಕಿಗೆ ನೀರೆಳೆಯೋ ಪಂಪು ನಿಲ್ಲಿಸಿದ್ರೆ ಇಳಿಯೋದು ನಿಲ್ಲಬಹುದು. ಬಹಳ ನಿಧಾನಕ್ಕೆ.”

“ನಿಲ್ಲಿಸಿದ್ರೆ ಊರು ಕುಡಿಯೋದೇನನ್ನ?” ಎಂದಳು ಅಕ್ಕ.

“ಇಳಿದದ್ದು ಮತ್ತೆ ಏಳುತ್ತಾ ಮಾವ?” ಎಂದಳು ಅಕ್ಕನ ಮಗಳು.

“ಇಲ್ಲಮ್ಮ. ಮಣ್ಣೊಳಗಿನ ನೀರು ಹೋದ್ಮೇಲೆ ಅದು ಅಮುಕಿಹೋಗುತ್ತೆ. ಆಮೇಲೆ ಮಳೆ ಬಂದ್ರೂ ಅಷ್ಟೇ.”

“ಮೇಲೆ ಭಾರ ಹಾಕದೇ ಹೋದ್ರೆ?” ಭಾವ ಕೇಳಿದ.

“ಇದು ಭಾರಕ್ಕೆ ಕೂರ್ತಿರೋದಲ್ಲ. ಪಕ್ಕದ ಖಾಲಿ ಸೈಟೂ ಇಷ್ಟೇ ಕೂತಿದೆ.”

“ಅಲ್ಲಿಗೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ.”

“ಒಂದೇ ಅಲ್ಲ ಭಾವ. ಟ್ಯಾಂಕಿನ ಕಡೆ ಜಾಸ್ತಿ, ಹಿತ್ತಲ ಕಡೆ ಕಮ್ಮಿ ಇಳೀತಿದೆ. ಓರೆಯಾಗ್ತಿರೋ ಗೋಡೆ ಮೇಲೆ ಅಷ್ಟು ದೊಡ್ಡ ಸ್ಲ್ಯಾಬ್...” ಅವನ ಕಣ್ಣು ಮಲಗಿದ್ದ ಮಗುವಿನ ಕಡೆ ಹೋಯಿತು. “ತಗಡು ಹಾಕ್ಸಿ. ಕೆಳಗೆ ಬಂದ್ರೂ ಹಗುರ.”

“ಮಾರಿಬಿಟ್ಟು ಬೇರೆ ಕಡೆ ಹೋದ್ರೆ?” ಎಂದಳು ಅಕ್ಕ.

“ಯಾರಿಗೆ ಮಾರ್ತೀಯ? ಗೊತ್ತಿಲ್ದೇ ಇರೋನಿಗೆ ತಾನೆ?” ಭಾವ ಗೋಡೆಯನ್ನು ಒಮ್ಮೆ ಸವರಿದ. “ಬಾಗಿಲು ನೋಡಪ್ಪಾ ಎಷ್ಟು ಗಟ್ಟಿ ಅಂತ ನಾನು ಹೇಳ್ಬೇಕು, ಅವನು ದುಡ್ಡು ಎಣಿಸ್ಬೇಕು. ಆ ಬಾಯಿ ನನಗಿಲ್ಲ.”

“ಎದುರುಮನೆಯವರಿಗಾದ್ರೂ ಹೇಳ್ಬೇಡ್ವೇನೋ?”

“ವರದಿ ಬರಲಿ ಅಕ್ಕ” ಎಂದ ಮಿಲಿಮೀಟರ್. ಆ ದನಿ ಅವನಿಗೇ ಹಿಡಿಸಲಿಲ್ಲ.

ಹೊರಡುವಾಗ ಎದುರುಮನೆಯಾತ ಗೇಟಿಗೆ ಬಣ್ಣ ಬಳಿಯುತ್ತಿದ್ದ. ಕುಂಚ ಎತ್ತಿ, ಎಂದಿನ ತಮಾಷೆಯನ್ನೇ ಮಾಡಿದ: “ಏನ್ ಸಾರ್, ಮೇಲಿಂದ ನಮ್ಮ ಬೀದಿ ಹೆಂಗೆ ಕಾಣುತ್ತೆ?”

ಬೇರೆ ದಿನವಾದರೆ ಮಿಲಿಮೀಟರ್ “ಬಂಡೆ ಇದ್ದಂಗಿದೆ” ಎನ್ನುತ್ತಿದ್ದ. ಇಂದು “ಚೆನ್ನಾಗಿ ಕಾಣುತ್ತೆ” ಎಂದ. ಸುಳ್ಳಾಗಿರಲಿಲ್ಲ, ಆ ಬೀದಿಯ ಒಂದೊಂದು ಛಾವಣಿಯೂ ಅವನಿಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಆತ ನಕ್ಕು ಮತ್ತೆ ಬಣ್ಣಕ್ಕೆ ಬಾಗಿದ.

ಮಂಗಳವಾರ ಮಿಲಿಮೀಟರ್ ರಜೆ ಹಾಕಿ ಬಂದ. ಸ್ಲ್ಯಾಬಿಗೆಂದು ಕಟ್ಟಿದ್ದ ಹಲಗೆಗಳನ್ನು ಬಿಚ್ಚಿ, ಕಂಬಗಳ ಮೇಲೆ ಕಬ್ಬಿಣದ ಪೈಪು ಕೂರಿಸಿ ತಗಡು ಹೊದಿಸಿದರು. ಭಾವ ಮೇಲೆ, ಅಕ್ಕನ ಅಳಿಯ ನಡುವೆ, ಅವನು ಕೆಳಗೆ ಏಣಿ ಹಿಡಿದು. ತಗಡು ಬೇಸಿಗೆಯಲ್ಲಿ ಬೇಯಿಸುತ್ತದೆ, ಮಳೆಯಲ್ಲಿ ಕಿವಿ ಕಿವುಡಾಗಿಸುತ್ತದೆ ಎಂದು ಅಕ್ಕನ ಮಗಳು ಒಮ್ಮೆಯಷ್ಟೇ ಹೇಳಿದಳು. ಯಾರೂ ಅವನನ್ನು ದೂರಲಿಲ್ಲ. ಮಧ್ಯಾಹ್ನ ಕೊನೆಯ ತಗಡಿನ ಬೋಲ್ಟು ಬಿಗಿದು ಭಾವ ಕೆಳಗಿಳಿದು, ಕೈ ಒರೆಸಿಕೊಳ್ಳುತ್ತ ಕೇಳಿದ:

“ಇನ್ಮುಂದೆ ಇದೂ ಕಾಣುತ್ತಾ ನಿನಗೆ?”

“ಕಾಣುತ್ತೆ ಭಾವ. ತಗಡು ಚೆನ್ನಾಗಿ ಹೊಳೆಯುತ್ತೆ.”

“ಎಷ್ಟು ಇಳೀತು ಅಂತ ಪ್ರತಿ ಸಲ ಬಂದು ಹೇಳ್ಬೇಡ.”

“ಆಯ್ತು.”

ಅಂದು ಖರ್ಚಾದದ್ದು: ತಗಡು, ಪೈಪಿಗೆ ನಲವತ್ತೊಂದು ಸಾವಿರ; ಬೋಲ್ಟು, ಕೊಕ್ಕೆ, ರಬ್ಬರ್ ವಾಷರಿಗೆ ಎರಡು ಸಾವಿರದ ನೂರು; ಸಾಗಿಸಿದ ಗಾಡಿಗೆ ಎಂಟುನೂರು; ಚಹಾ, ಬನ್ನಿಗೆ ನೂರ ಅರವತ್ತು. ಕಾಂಕ್ರೀಟಿನವನಿಗೆ ಕೊಟ್ಟಿದ್ದ ಮುಂಗಡ ಹತ್ತು ಸಾವಿರ ಹಿಂದೆ ಬರಲಿಲ್ಲ. ತಗಡಿನ ಅರ್ಧ ಹಣವನ್ನು ಮಿಲಿಮೀಟರ್ ಕೊಟ್ಟ. ಭಾವ ಬೇಡವೆನ್ನಲಿಲ್ಲ.